ಜೇನುಮೇಣದ ಹಗಲುವೇಷ

ಕೊಪ್ಪಳದಲ್ಲಿ ವಗ್ಗರಣಿ-ಮಿರ್ಚಿ ಕಟ್ಟಿಸಿಕೊಂಡು ಮನೆಗೆ ತಂದಾಗ ಆ ಪೇಪರ್ ಎಸೆಯುವ ಮುಂಚೆ ಒಮ್ಮೆ ನೋಡಿ. ಎಣ್ಣೆ ಹತ್ತಿದ ಕಡೆ ಕಾಗದ ಪಾರದರ್ಶಕವಾಗಿರುತ್ತದೆ. ಹಿಂದಿನ ಪುಟದ ಅಕ್ಷರ ಈ ಕಡೆಯಿಂದಲೇ ಉಲ್ಟಾ ಓದಬಹುದು. ಎಣ್ಣೆ ಹತ್ತದ ಕಡೆ ಮಾತ್ರ ಕಾಗದ ಮೊದಲಿನ ಹಾಗೆ ಬೆಳ್ಳಗೆ, ಮಬ್ಬಾಗಿ ಇರುತ್ತದೆ. ಕಾಗದ ಅದೇ, ಬೆಳಕೂ ಅದೇ. ನಡುವೆ ಎಣ್ಣೆ ಬಂದು ಕೂತಿದೆ, ಅಷ್ಟೇ.

ಈ ಒಂದು ಎಣ್ಣೆ ಕಲೆ ಅರ್ಥವಾದರೆ ಮೇಣದ ಚಿತ್ರಕಲೆಯ ಅರ್ಧ ಗುಟ್ಟು ಅರ್ಥವಾದ ಹಾಗೆ. ಮೇಣದಲ್ಲಿ ಜಲವರ್ಣದ ಹಾಗೆ, ತೈಲವರ್ಣದ ಹಾಗೆ, ಹಳೆ ಗುಡಿಯ ಗೋಡೆಚಿತ್ರದ ಹಾಗೆ ಕಾಣಿಸಲು ಹೊರಟಾಗ ನಾನು ಬಣ್ಣದ ಹಿಂದೆ ಬಿದ್ದಿದ್ದೆ. ಸರಿಯಾದ ನೀಲಿ ಸಿಕ್ಕರೆ ಜಲವರ್ಣ ಆಗಿಬಿಡುತ್ತದೆ ಅಂದುಕೊಂಡಿದ್ದೆ. ಆಗಲಿಲ್ಲ. ವೇಷ ಹಾಕುವುದು ಬಣ್ಣಕ್ಕಲ್ಲ, ಬಣ್ಣವನ್ನು ಹಿಡಿದಿಟ್ಟುಕೊಂಡ ಅಂಟಿಗೆ. ಬಳ್ಳಾರಿ ಕಡೆಯ ಹಗಲುವೇಷದವರನ್ನು ನೋಡಿದ್ದೀರಲ್ಲ, ಬರೀ ಮುಖಕ್ಕೆ ಬಣ್ಣ ಬಳಿದುಕೊಂಡರೆ ಹನುಮಂತ ಆಗುವುದಿಲ್ಲ. ನಡಿಗೆಯೂ ಬೇಕು.

ಮೊದಲು ಈ ಕಲೆ ಏನು ಅಂತ ಹೇಳಿಬಿಡುತ್ತೇನೆ. ಜೇನುಮೇಣ ಕರಗಿಸಿ, ಅದಕ್ಕೆ ಸ್ವಲ್ಪ ರಾಳ ಮತ್ತು ಬಣ್ಣದ ಪುಡಿ ಬೆರೆಸಿ, ಬಿಸಿ ಇರುವಾಗಲೇ ಹಲಗೆ ಮೇಲೆ ಬಳಿಯುವುದು. ಆಮೇಲೆ ಮತ್ತೆ ಬಿಸಿ ಕೊಟ್ಟು ಪದರಗಳನ್ನು ಒಂದಾಗಿಸುವುದು. ಎನ್‌ಕಾಸ್ಟಿಕ್ ಎಂಬುದು ಈ ಕಲೆಯ ಹೆಸರು, ಗ್ರೀಕ್ ಮೂಲದ್ದು. ಬಿಸಿ ಕೊಟ್ಟು ಒಳಗೆ ಸೇರಿಸಿದ್ದು ಅನ್ನುವ ಅರ್ಥ. ಈಜಿಪ್ಟಿನ ಫಾಯೂಮ್ ಪ್ರದೇಶದಲ್ಲಿ ಸತ್ತವರ ಶವದ ಮೇಲೆ ಇಡುತ್ತಿದ್ದ ಮುಖಚಿತ್ರಗಳಿವೆ. ಹೆಚ್ಚಿನವು ಕ್ರಿ.ಶ. 1ರಿಂದ 3ನೇ ಶತಮಾನದವು. ಅವುಗಳಲ್ಲಿ ಬಹಳಷ್ಟು ಮೇಣದಲ್ಲಿ ಬರೆದದ್ದು. ಕಣ್ಣು ಇನ್ನೂ ಒದ್ದೆ ಇದ್ದ ಹಾಗೆ ಹೊಳೆಯುತ್ತವೆ. ಸಿನಾಯ್ ಪರ್ವತದ ಸೇಂಟ್ ಕ್ಯಾಥರೀನ್ ಮಠದಲ್ಲಿರುವ 6ನೇ ಶತಮಾನದ ಕ್ರಿಸ್ತನ ಚಿತ್ರವೂ ಮೇಣದ್ದೇ.

ಇನ್ನು ಮೂಲ ಪ್ರಶ್ನೆ. ಜಲವರ್ಣ, ತೈಲವರ್ಣ, ಮೇಣ ಮೂರಕ್ಕೂ ಒಂದೇ ಕಾವಿ ಪುಡಿ ಹಾಕಬಹುದು. ಮತ್ತೆ ಮೂರೂ ಬೇರೆ ಬೇರೆ ಕಾಣುವುದು ಯಾಕೆ? ಒಣಗುವ ರೀತಿ ಬೇರೆ. ಜಲವರ್ಣದಲ್ಲಿ ನೀರು ಹಾರಿಹೋಗುತ್ತದೆ. ಉಳಿಯುವುದು ಕಾಗದದ ನಾರಿಗೆ ಅಂಟಿದ ಪುಡಿ ಮತ್ತು ಚೂರು ಗೋಂದು. ತೈಲವರ್ಣದ ಅಗಸೆ ಎಣ್ಣೆ ನೀರಿನ ಹಾಗೆ ಹಾರಿಹೋಗುವುದಿಲ್ಲ. ಅದು ಗಾಳಿಯಲ್ಲಿರುವ ಆಮ್ಲಜನಕ ಹೀರಿಕೊಂಡು, ದಿನಗಟ್ಟಲೆ ತೆಗೆದುಕೊಂಡು, ನಿಧಾನವಾಗಿ ಗಟ್ಟಿಯಾಗುತ್ತದೆ. ಮೇಣಕ್ಕೆ ಇದ್ಯಾವುದೂ ಇಲ್ಲ. ಅದು ಒಣಗುವುದೇ ಇಲ್ಲ, ಆರುತ್ತದೆ. ತುಪ್ಪ ಹೆಪ್ಪುಗಟ್ಟಿದ ಹಾಗೆ. ಕುಂಚ ಹಲಗೆ ಮುಟ್ಟಿ ಎರಡು ಮೂರು ಸೆಕೆಂಡಿನಲ್ಲಿ ಕಥೆ ಮುಗಿಯಿತು. ಮತ್ತೆ ಬಿಸಿ ಕೊಟ್ಟರೆ ಮತ್ತೆ ಕರಗುತ್ತದೆ.

ಅಮೆರಿಕದ ಕಲಾವಿದ ಜ್ಯಾಸ್ಪರ್ ಜಾನ್ಸ್ 1954-55ರಲ್ಲಿ ತಮ್ಮ ದೇಶದ ಬಾವುಟವನ್ನೇ ಚಿತ್ರ ಮಾಡಿದರು. ಮೊದಲು ಮನೆಗೆ ಹಚ್ಚುವ ಎನಾಮೆಲ್ ಪೇಂಟ್‌ನಲ್ಲಿ ಶುರು ಮಾಡಿದ್ದರು. ಅದು ಬೇಗ ಒಣಗುತ್ತಿರಲಿಲ್ಲ. ಮೇಣಕ್ಕೆ ಬಂದರು. ಒಂದು ಗೆರೆ ಎಳೆದ ತಕ್ಷಣ ಗಟ್ಟಿ, ಪಕ್ಕದಲ್ಲೇ ಇನ್ನೊಂದು ಎಳೆದರೂ ಎರಡೂ ಬೆರೆಯುವುದಿಲ್ಲ. ಕೆಳಗೆ ಅಂಟಿಸಿದ ಪೇಪರಿನ ಅಕ್ಷರ ಮೇಣದ ಮೂಲಕ ಕಾಣುತ್ತದೆ. ನಮ್ಮ ಮಿರ್ಚಿ ಪೇಪರ್ ನೆನಪಾಗುತ್ತದೆ, ಅಲ್ವಾ?

ಸಾಮಾನಿನ ವಿಷಯ. ಜೇನುಮೇಣ ಸುಮಾರು 62ರಿಂದ 64 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ. ಆನೆಗೊಂದಿ ಕಡೆಯ ಬಂಡೆಗಳಂಥ ಜಾಗದ ಸಂದಿಗಳಲ್ಲಿ ಹೆಜ್ಜೇನು ಕಟ್ಟುತ್ತದೆ. ಜೇನು ಇಳಿಸುವವರ ಹತ್ತಿರ ಕೇಳಿದರೆ ಮೇಣ ಸಿಗುತ್ತದೆ. ಅಂಗಡಿಯಲ್ಲಿ ಜೇನುಮೇಣ ಅಂತ ಕೊಡುವುದರಲ್ಲಿ ಮೇಣದಬತ್ತಿಯ ಪ್ಯಾರಾಫಿನ್ ಬೆರೆತಿರುವುದು ಉಂಟು. ಒಂದು ಚೂರು ಬೆರಳಲ್ಲಿ ಹಿಸುಕಿ ನೋಡಿ. ಜೇನುಮೇಣ ಕೈ ಬಿಸಿಗೆ ಕಣಕದ ಹಾಗೆ ಮೆತ್ತಗಾಗುತ್ತದೆ, ಜೇನಿನ ವಾಸನೆ ಬರುತ್ತದೆ. ಪ್ಯಾರಾಫಿನ್ ಪುಡಿ ಪುಡಿಯಾಗಿ ಉದುರುತ್ತದೆ.

ಬರೀ ಮೇಣ ತೀರಾ ಮೆತ್ತಗೆ. ಅದಕ್ಕೇ ಡಾಮರ್ ಎಂಬ ರಾಳ ಸೇರಿಸುತ್ತಾರೆ. ಹಾರ್ಡ್‌ವೇರ್ ಅಂಗಡಿಗೆ ಹೋಗಿ ಈ ಹೆಸರು ಹೇಳಿದರೆ ರಸ್ತೆಗೆ ಹಾಕುವ ಡಾಂಬರು ತೋರಿಸುತ್ತಾರೆ, ಹುಷಾರು. ಇದು ಮರದಿಂದ ಒಸರುವ, ಹಳದಿ ಗಾಜಿನಂಥ ಅಂಟು. ಎಂಟು ಭಾಗ ಮೇಣಕ್ಕೆ ಒಂದು ಭಾಗ ರಾಳ ಅನ್ನುವುದು ರೂಢಿಯ ಅಳತೆ. ಇದೇನೂ ಹೊರಗಿನ ವಿದ್ಯೆ ಅನ್ನಿಸಬೇಕಾಗಿಲ್ಲ. ಪಂಚಲೋಹದ ಮೂರ್ತಿ ಎರಕ ಹೊಯ್ಯುವವರು ಮೊದಲು ಮೇಣದ ಬೊಂಬೆ ಮಾಡುತ್ತಾರಲ್ಲ, ಅವರೂ ಜೇನುಮೇಣಕ್ಕೆ ರಾಳವನ್ನೇ ಬೆರೆಸುತ್ತಾರೆ. ಕಾರಣವೂ ಅದೇ: ಆಕಾರ ನಿಲ್ಲಬೇಕು.

ರಾಳವನ್ನು ಕುಟ್ಟಿ, ಕರಗಿದ ಮೇಣಕ್ಕೆ ಹಾಕಿ, ಸಣ್ಣ ಉರಿಯಲ್ಲಿ ಕರಗಿಸಿ, ಬಟ್ಟೆಯಲ್ಲಿ ಸೋಸಬೇಕು. ತೊಗಟೆ ಚೂರು, ಕಸ ಎಲ್ಲ ಹೋಗುತ್ತದೆ. ಇದನ್ನು ಹೊರಗೆ ಅಂಗಳದಲ್ಲಿ ಮಾಡಿ. ಚಿತ್ರ ಬರೆಯುವಾಗ ಮೇಣ 80ರಿಂದ 90 ಡಿಗ್ರಿ ಇದ್ದರೆ ಸಾಕು. ಹೊಗೆ ಏಳಲು ಶುರುವಾಯಿತು ಅಂದರೆ ಅದು ಜಾಸ್ತಿ ಕಾದಿದೆ. ಆ ಹೊಗೆ ಕಣ್ಣು, ಗಂಟಲು ಉರಿಸುತ್ತದೆ, ಒಳ್ಳೆಯದಲ್ಲ. ನಾನು ಹಳೆ ದೋಸೆ ತವೆಯನ್ನು ಇಂಡಕ್ಷನ್ ಒಲೆ ಮೇಲಿಟ್ಟು, ಅದರ ಮೇಲೆ ಸಣ್ಣ ಸಣ್ಣ ಸ್ಟೀಲ್ ಬಟ್ಟಲುಗಳಲ್ಲಿ ಬಣ್ಣ ಇಟ್ಟುಕೊಳ್ಳುತ್ತೇನೆ. ಗ್ಯಾಸ್ ಉರಿ ಬೇಡ. ಮೇಣಕ್ಕೆ ಬೆಂಕಿ ಹತ್ತಿದರೆ ನೀರು ಹಾಕಲೇಬಾರದು, ತಟ್ಟೆ ಮುಚ್ಚಬೇಕು.

ಬಣ್ಣಕ್ಕೆ ಒಣ ಪುಡಿ ಬೇಕು. ಸಂಡೂರಿನ ರಸ್ತೆಯಲ್ಲಿ ಒಮ್ಮೆ ಬೈಕಿನಲ್ಲಿ ಹೋಗಿ ಬಂದರೆ ಅಂಗಿಯಲ್ಲೇ ಒಂದು ಬಣ್ಣ ಬಂದಿರುತ್ತದೆ. ತಮಾಷೆ ಅಲ್ಲ. ಆ ಕೆಂಪು ಧೂಳು ಕಬ್ಬಿಣದ ಆಕ್ಸೈಡ್, ಕಾವಿ ಬಣ್ಣದ ಜೀವ ಅದೇ. ನುಣ್ಣಗೆ ಅರೆದು ಸೋಸಿದರೆ ಮೇಣದಲ್ಲಿ ಚೆನ್ನಾಗಿ ಕೂರುತ್ತದೆ, ಬಿಸಿಲಿಗೆ ಮಾಸುವುದಿಲ್ಲ. ಅರೆಯುವಾಗ ಮಾಸ್ಕ್ ಹಾಕಿಕೊಳ್ಳಿ. ಹಳೆ ಚಿತ್ರಗಾರರು ಬಳಸುತ್ತಿದ್ದ ಇಂಗಳಿಕ, ಹರಿದಾಳ, ಸಿಂಧೂರ ಮಾತ್ರ ಮುಟ್ಟಬೇಡಿ. ಮೊದಲನೆಯದರಲ್ಲಿ ಪಾದರಸ, ಎರಡನೆಯದರಲ್ಲಿ ಆರ್ಸೆನಿಕ್, ಮೂರನೆಯದರಲ್ಲಿ ಸೀಸ. ಇವನ್ನು ಬಿಸಿ ತವೆ ಮೇಲೆ ಇಡುವುದು ಹುಚ್ಚು.

ಹಲಗೆ ಗಟ್ಟಿ ಇರಬೇಕು, ಮೇಣ ಹೀರಿಕೊಳ್ಳುವಂತಿರಬೇಕು. ಪ್ಲೈವುಡ್ ಸಾಕು. ಬಟ್ಟೆಯ ಕ್ಯಾನ್ವಾಸ್ ಬಾಗುತ್ತದೆ, ಮೇಣ ಬಿರಿಯುತ್ತದೆ. ಅಕ್ರಿಲಿಕ್ ಪ್ರೈಮರ್ ಹಚ್ಚಿದ ಹಲಗೆಯೂ ಬೇಡ. ಅದು ಪ್ಲಾಸ್ಟಿಕ್, ಮೇಣ ಹಿಡಿಯುವುದಿಲ್ಲ.

ಒಂದು ನಿಯಮ ಎಲ್ಲ ವೇಷಕ್ಕೂ ಒಂದೇ. ಹೊಸ ಪದರ ಬಳಿದ ಮೇಲೆ ಬಿಸಿ ಗಾಳಿ ಊದುವ ಹೀಟ್ ಗನ್ ಹಿಡಿದು, ಕೆಳಗಿನ ಪದರವೂ ಸ್ವಲ್ಪ ಕರಗುವ ತನಕ ಬಿಸಿ ಕೊಡಬೇಕು. ಇಲ್ಲದಿದ್ದರೆ ಪದರಗಳು ಒಂದರ ಮೇಲೊಂದು ಸುಮ್ನೆ ಕೂತಿರುತ್ತವೆ, ಅಷ್ಟೇ. ರೊಟ್ಟಿ ಮೇಲೆ ರೊಟ್ಟಿ ಇಟ್ಟ ಹಾಗೆ. ಒಂದು ದಿನ ಉಗುರು ತಾಗಿದರೆ ಇಡೀ ಆಕಾಶ ಕಿತ್ತು ಕೈಗೆ ಬರುತ್ತದೆ.

ಈಗ ಜಲವರ್ಣ. ಎಲ್ಲಕ್ಕಿಂತ ಕಷ್ಟದ್ದು ಇದೇ, ಆದರೆ ಎಲ್ಲರೂ ಇದರಿಂದಲೇ ಶುರು ಮಾಡುತ್ತಾರೆ. ನಾನೂ ಅಷ್ಟೇ. ಬಣ್ಣದ ಮೇಣ ಒಂದು ಪಾಲು, ಬಣ್ಣವಿಲ್ಲದ ಮೇಣ ಹತ್ತು ಪಾಲು ಬೆರೆಸಿ, ಬಿಳಿ ತಳದ ಮೇಲೆ ತೆಳ್ಳಗೆ ಎಳೆದರೆ ಬಣ್ಣ ತಿಳಿಯಾಗಿ ಕಾಣುತ್ತದೆ, ನಿಜ. ಬೆಳಕು ಒಳಗೆ ಹೋಗಿ ತಳದ ಬಿಳಿಗೆ ತಾಗಿ ವಾಪಸ್ ಬರುತ್ತದೆ. ಜಲವರ್ಣದಲ್ಲೂ ಬೆಳಕಿನ ದಾರಿ ಅದೇ. ಆದರೆ ನನ್ನ ಮೊದಲ ಆಕಾಶ ಹಸಿರು ಬಂತು. ಹೆಸರುಕಾಳಿನ ಸಿಪ್ಪೆ ನೆನೆಸಿಟ್ಟ ನೀರಿನ ಬಣ್ಣ. ಕಾರಣ ಹೊಳೆಯಲು ಎರಡು ದಿನ ಬೇಕಾಯಿತು. ಹಸಿ ಜೇನುಮೇಣ ತಾನೇ ಹಳದಿ. ನೀಲಿ ಪುಡಿ ಹಳದಿ ಮೇಣದೊಳಗೆ ಕೂತರೆ ಇನ್ನೇನಾಗುತ್ತದೆ? ತಿಳಿ ಬಣ್ಣಗಳಿಗೆ ಸೋಸಿ ಬಿಳಿ ಮಾಡಿದ ಜೇನುಮೇಣವೇ ಬೇಕು.

ಬಿಳಿ ಮೇಣ ತಂದ ಮೇಲೂ ಏನೋ ಕೊರತೆ. ಚಿತ್ರ ತಿಳಿಯಾಗಿದೆ, ಆದರೆ ಯಾರೂ ಅದನ್ನು ಜಲವರ್ಣ ಅನ್ನುವುದಿಲ್ಲ. ಮೇಜಿನ ಮೇಲೆ ಚೆಲ್ಲಿದ ಚಹಾದ ಹನಿ ಒಣಗಿದಾಗ ಉಳಿಯುವ ಕಲೆ ನೋಡಿ. ನಡುವೆ ತೆಳು, ಅಂಚಿನಲ್ಲಿ ಗಾಢ. ಹನಿಯ ಅಂಚಿನಲ್ಲಿ ನೀರು ಬೇಗ ಹಾರಿಹೋಗುತ್ತದೆ. ಆ ಜಾಗ ತುಂಬಲು ನಡುವಿನ ನೀರು ಅಂಚಿನ ಕಡೆ ಹರಿಯುತ್ತದೆ, ಹೋಗುವಾಗ ಪುಡಿಯನ್ನೂ ಎಳೆದುಕೊಂಡು ಹೋಗುತ್ತದೆ. ಜಲವರ್ಣದ ಆ ಗಾಢ ಅಂಚು ಹುಟ್ಟುವುದು ಹೀಗೆ. ನಮ್ಮ ಕಣ್ಣು ಜಲವರ್ಣ ಅಂತ ಗುರುತು ಹಿಡಿಯುವುದೇ ಆ ಅಂಚಿನಿಂದ. ಮೇಣದಿಂದ ಏನೂ ಹಾರಿಹೋಗುವುದಿಲ್ಲ, ಹಾಗಾಗಿ ಪುಡಿ ಇದ್ದಲ್ಲೇ ಗಟ್ಟಿಯಾಗುತ್ತದೆ. ಅಂಚು ತಾನಾಗಿ ಬರುವುದು ಸಾಧ್ಯವೇ ಇಲ್ಲ. ನಾವೇ ಮಾಡಬೇಕು.

ಮೇಣ ತಣ್ಣಗಾದ ಮೇಲೆ ದಬ್ಬಣದ ತುದಿಯಿಂದ ಬಣ್ಣದ ಕೊನೆಯಲ್ಲಿ ಹಗುರ ಗೀರು ಎಳೆಯಿರಿ. ನೇರ ಬೇಡ, ನೀರು ನಿಂತು ಹೋದ ಹಾಗೆ ವಂಕಿವಂಕಿಯಾಗಿ. ಅದೇ ಬಣ್ಣದ ತೈಲವರ್ಣ ಒಂದು ಚೂರು ಬೆರಳಲ್ಲಿ ತಿಕ್ಕಿ, ಬಟ್ಟೆಯಲ್ಲಿ ಒರೆಸಿಬಿಡಿ. ಗೀರಿನಲ್ಲಿ ಮಾತ್ರ ಬಣ್ಣ ಉಳಿಯುತ್ತದೆ. ಆಮೇಲೆ ದೂರದಿಂದ ಸ್ವಲ್ಪ ಬಿಸಿ ಕೊಟ್ಟರೆ ಗೀರಿನ ಚೂಪು ಕಡಿಮೆಯಾಗಿ, ಒಣಗಿದ ನೀರಿನ ಅಂಚಿನ ಹಾಗೇ ಕಾಣುತ್ತದೆ. ಒರಟು ಕಾಗದದ ಗುಳಿಗಳಲ್ಲಿ ಬಣ್ಣದ ಕಾಳು ಇಳಿದ ಹಾಗೆ ಬೇಕಿದ್ದರೆ, ತಂತಿ ಬ್ರಷ್‌ನಿಂದ ಮೇಣದ ಮೇಲೆ ಹಗುರ ಗೀಚಿ ಒಣ ಪುಡಿ ಉಜ್ಜಿ ಒರೆಸಿ. ಈ ಎರಡನೆಯದು ನನಗೆ ಬಹಳ ಇಷ್ಟ, ಏಕೆಂದರೆ ಕಡಿಮೆ ಕೆಲಸಕ್ಕೆ ಜಾಸ್ತಿ ಮೋಸ.

ಅಡ್ಡದಾರಿ ಒಂದಿದೆ. ನಿಜವಾದ ಜಲವರ್ಣವನ್ನೇ ಕಾಗದದ ಮೇಲೆ ಬರೆದು, ಹಲಗೆಗೆ ಅಂಟಿಸಿ, ಮೇಲೆ ಬಣ್ಣವಿಲ್ಲದ ಮೇಣ ಹಚ್ಚುವುದು. ಮಾಡಬಹುದು. ಆದರೆ ಕಾಗದ ಪೂರ್ತಿ ಒಣಗಿರಬೇಕು, ಇಲ್ಲದಿದ್ದರೆ ಒಳಗಿನ ತೇವ ಬಿಸಿಗೆ ಗುಳ್ಳೆ ಎಬ್ಬಿಸುತ್ತದೆ. ಮಿರ್ಚಿ ಪೇಪರ್ ಇಲ್ಲೂ ಬರುತ್ತದೆ: ಮೇಣ ಕುಡಿದ ಕಾಗದ ಪಾರದರ್ಶಕವಾಗಿ ಕೆಳಗಿನ ಪ್ಲೈವುಡ್ಡಿನ ಕಂದು ಕಾಣುತ್ತದೆ, ಬಿಟ್ಟಿದ್ದ ಬಿಳಿ ಜಾಗವೆಲ್ಲ ಕೊಳೆಯಾಗುತ್ತದೆ. ತಳ ಮೊದಲೇ ಬಿಳಿ ಇರಬೇಕು.

ತೈಲವರ್ಣದ ವೇಷ ಮೇಣಕ್ಕೆ ಸಲೀಸು. ಎರಡೂ ಪುಡಿಯನ್ನು ಪೂರ್ತಿ ಸುತ್ತಿಕೊಳ್ಳುತ್ತವೆ, ಎರಡರಲ್ಲೂ ಬಣ್ಣ ಒದ್ದೆ ಇದ್ದ ಹಾಗೆ ಆಳವಾಗಿ ಕಾಣುತ್ತದೆ. ದಪ್ಪ ಕುಂಚದ ಗುರುತು ಬೇಕೋ, ಕುಂಚದಲ್ಲಿ ಮೇಣ ತುಂಬಿ, ಅದು ಆರುವ ಹೊತ್ತಿಗೆ ಹಲಗೆಗೆ ಎಳೆಯಿರಿ. ಬೆಣ್ಣೆ ಬಳಿದ ಹಾಗೆ ಏಣು ಏಣಾಗಿ ನಿಲ್ಲುತ್ತದೆ. ತೊಂದರೆ ಆಮೇಲೆ. ಪದರ ಸೇರಿಸಲು ಬಿಸಿ ಕೊಡಲೇಬೇಕು, ಕೊಟ್ಟರೆ ಏಣು ಕರಗಿ ಚಪ್ಪಟೆ. ಹೀಟ್ ಗನ್ನನ್ನು ಒಂದು ಅಡಿ ದೂರ ಹಿಡಿದು, ಮೇಲ್ಮೈ ಮೇಲೆ ಹೊಳಪು ಓಡಿದ ಕ್ಷಣವೇ ತೆಗೆಯಬೇಕು. ಆ ಕ್ಷಣ ಹಾಲು ಉಕ್ಕುವ ಕ್ಷಣ ಇದ್ದ ಹಾಗೆ. ಹೇಳಿ ಕಲಿಸಲು ಆಗದು, ಎರಡು ಸಲ ಕಳೆದುಕೊಂಡರೆ ಗೊತ್ತಾಗುತ್ತದೆ.

ಕೆನ್ನೆಯಂಥ ಜಾಗದಲ್ಲಿ ಬೆಳಕಿನಿಂದ ನೆರಳಿಗೆ ನಯವಾಗಿ ಇಳಿಯುವುದು ಮಾತ್ರ ಮೇಣಕ್ಕೆ ಬರುವುದಿಲ್ಲ. ತೈಲ ದಿನಗಟ್ಟಲೆ ಹಸಿ ಇರುತ್ತದೆ, ಬೆರೆಸುತ್ತಾ ಕೂರಬಹುದು. ಮೇಣ ಅಷ್ಟು ಹೊತ್ತು ಕೊಡುವುದಿಲ್ಲ. ಹಲಗೆಯನ್ನೇ ತವೆಯ ಮೇಲೆ ಉಗುರುಬೆಚ್ಚಗಿಂತ ಸ್ವಲ್ಪ ಜಾಸ್ತಿ ಬಿಸಿ ಇಟ್ಟುಕೊಂಡರೆ ಮೇಣ ಇನ್ನೊಂದಿಷ್ಟು ಹೊತ್ತು ಮೆತ್ತಗಿರುತ್ತದೆ. ಅಥವಾ ಫಾಯೂಮ್ ಚಿತ್ರಕಾರರ ದಾರಿ: ಬೆರೆಸುವ ಗೋಜೇ ಬೇಡ, ಸಣ್ಣ ಸಣ್ಣ ಗೆರೆಗಳನ್ನು ಒತ್ತೊತ್ತಾಗಿ ಎಳೆಯುವುದು, ಬೆರೆಸುವ ಕೆಲಸ ನೋಡುವವರ ಕಣ್ಣಿಗೆ ಬಿಡುವುದು.

ಇನ್ನು ಗೋಡೆಚಿತ್ರ. ಹಂಪಿಯ ವಿರೂಪಾಕ್ಷ ಗುಡಿಯ ರಂಗಮಂಟಪದಲ್ಲಿ ತಲೆ ಎತ್ತಿ ನಿಂತವರಿಗೆ ಆ ಬಣ್ಣ ಗೊತ್ತು. ಹೊಳಪಿಲ್ಲ. ಕಾವಿ, ಬಿಳಿ, ಕಪ್ಪು ಎಲ್ಲವೂ ಒಣ ಒಣ. ಸುಣ್ಣದ ಗೋಡೆಯ ಮೈ. ಅದನ್ನು ಮೇಣದಲ್ಲಿ ತರಲು ನಾನು ಬುದ್ಧಿವಂತಿಕೆ ಮಾಡಿ ಮೇಣಕ್ಕೇ ಸೀಮೆಸುಣ್ಣದ ಪುಡಿ ಕಲಸಿದೆ. ಬಿಳಿ ಬರಬೇಕಿತ್ತು. ಬಂದದ್ದು ಹಳಸಿದ ಗಂಜಿಯ ಬಣ್ಣ, ಅದೂ ಅರೆಪಾರದರ್ಶಕ.

ಇಲ್ಲಿ ಸ್ವಲ್ಪ ನಿಂತು ನೋಡೋಣ, ಏಕೆಂದರೆ ಈ ಲೇಖನದ ತಿರುಳೇ ಇದು. ಬಿಳಿ ಅನ್ನುವುದು ಸುಣ್ಣದೊಳಗೆ ಇರುವ ಬಣ್ಣವಲ್ಲ. ಸುಣ್ಣದ ಒಂದೊಂದು ಕಣವೂ ಗಾಜಿನ ಚೂರಿನ ಹಾಗೆ ಪಾರದರ್ಶಕ. ಬೆಳಕು ಗಾಳಿಯಿಂದ ಕಣದೊಳಗೆ ಹೋಗುವಾಗ ಬಾಗುತ್ತದೆ, ಹೊರಗೆ ಬರುವಾಗ ಮತ್ತೆ ಬಾಗುತ್ತದೆ, ಒಂದಿಷ್ಟು ಪ್ರತಿ ಸಲ ವಾಪಸ್ ತಿರುಗುತ್ತದೆ. ಲಕ್ಷಾಂತರ ಕಣಗಳಲ್ಲಿ ಹೀಗೆ ಚದುರಿ ಹೊರಗೆ ಬಂದ ಬೆಳಕೇ ಬಿಳಿ. ಎಷ್ಟು ಬಾಗುತ್ತದೆ ಅನ್ನುವುದಕ್ಕೆ ವಕ್ರೀಭವನ ಸೂಚ್ಯಂಕ ಎಂಬ ಅಳತೆ ಇದೆ. ಗಾಳಿಗೆ 1. ಸುಣ್ಣದ ಪುಡಿಗೆ ಸುಮಾರು 1.5ರಿಂದ 1.6. ಇವೆರಡರ ನಡುವೆ ಅಂತರ ದೊಡ್ಡದು, ಹಾಗಾಗಿ ಚದುರುವಿಕೆ ಜೋರು. ಜೇನುಮೇಣಕ್ಕೆ ಸುಮಾರು 1.44. ಮೇಣ ಬಂದು ಕಣಗಳ ನಡುವಿನ ಗಾಳಿಯನ್ನು ಓಡಿಸಿ ಕೂತರೆ ಅಂತರ ಬಹಳ ಚಿಕ್ಕದಾಗುತ್ತದೆ. ಬೆಳಕು ಹೆಚ್ಚು ಅಡ್ಡಿಯಿಲ್ಲದೆ ದಾಟಿ ಹೋಗುತ್ತದೆ. ಮಿರ್ಚಿ ಪೇಪರಿನಲ್ಲಿ ಆದದ್ದೂ ಇದೇ. ನಾರು ಹೋಗಲಿಲ್ಲ, ನಾರಿನ ನಡುವಿನ ಗಾಳಿ ಹೋಯಿತು.

ಮೇಣದೊಳಗೂ ಬಿಳಿಯಾಗಿ ಉಳಿಯಬೇಕಾದರೆ ಸೂಚ್ಯಂಕ ಬಹಳ ದೊಡ್ಡದಿರುವ ಪುಡಿ ಬೇಕು. ಟೈಟಾನಿಯಂ ಬಿಳಿಗೆ ಅದು 2.5ಕ್ಕಿಂತ ಜಾಸ್ತಿ. ಒಂದು ಚಿಟಿಕೆ ಸಾಕು. ಪೋಸ್ಟರ್ ಬಣ್ಣದ ಹಾಗೆ ಗಟ್ಟಿ, ಮುಚ್ಚುವ ಬಣ್ಣ ಬೇಕಿದ್ದರೂ ಇದೇ ಉಪಾಯ.

ಆದರೆ ಟೈಟಾನಿಯಂ ಹಾಕಿದ ಮೇಣ ಬಿಳಿಯಾಗುತ್ತದೆ, ಗೋಡೆಯಾಗುವುದಿಲ್ಲ. ಹೊಳಪು ಹಾಗೇ ಇರುತ್ತದೆ. ಒಣ ಮೈ ಬೇಕಾದರೆ ಪುಡಿಗೆ ಮತ್ತೆ ಗಾಳಿ ಸಿಗಬೇಕು. ಅಂದರೆ ಸೀಮೆಸುಣ್ಣವನ್ನು ಮೇಣದೊಳಗೆ ಹಾಕಬಾರದು, ಮೇಲೆ ಹಾಕಬೇಕು. ಚಿತ್ರ ಪೂರ್ತಿ ಮುಗಿದು ತಣ್ಣಗಾದ ಮೇಲೆ ಪುಡಿಯನ್ನು ಬಟ್ಟೆಯಲ್ಲಿ ತಟ್ಟಿ, ಬಹಳ ಕಡಿಮೆ ಬಿಸಿ ಕೊಡಬೇಕು. ಕಣಗಳು ಅರ್ಧ ಮುಳುಗಬೇಕು, ಅರ್ಧ ಹೊರಗಿರಬೇಕು. ಮುಳುಗಿದ ಅರ್ಧ ಹಿಡಿದುಕೊಳ್ಳುತ್ತದೆ, ಹೊರಗಿನ ಅರ್ಧ ಬೆಳ್ಳಗೆ ಕಾಣುತ್ತದೆ. ಬಿರುಕು ಬೇಕಿದ್ದರೆ ಹಲಗೆಯನ್ನು ಫ್ರೀಜರ್‌ನಲ್ಲಿ ಸ್ವಲ್ಪ ಹೊತ್ತಿಟ್ಟು, ಹಿಂದಿನಿಂದ ಮೆಲ್ಲಗೆ ತಟ್ಟಿ, ಬಿರಿದ ಗೆರೆಗಳಿಗೆ ಕಂದು ಬಣ್ಣ ಉಜ್ಜಿ. ಮನೆಯವರನ್ನು ಕೇಳಿ ಫ್ರೀಜರ್‌ಗೆ ಇಡಿ.

ಬಳ್ಳಾರಿ ಗುಡ್ಡದ ಬಂಡೆ ಬರೆಯಲು ಕುಂಚವೇ ಬೇಡ. ಹಳೆ ಇಸ್ತ್ರಿ ಪೆಟ್ಟಿಗೆ ಸಾಕು. ಉಗಿ ತೂತು ಇಲ್ಲದ್ದು, ಅತಿ ಕಡಿಮೆ ಬಿಸಿಯಲ್ಲಿ. ಮದುವೆ ಕರೆಯೋಲೆಯ ನುಣುಪು ದಪ್ಪ ಕಾರ್ಡ್ ತೆಗೆದುಕೊಳ್ಳಿ, ಪ್ಲಾಸ್ಟಿಕ್ ಹೊದಿಕೆ ಇಲ್ಲದ್ದು. ಪೆಟ್ಟಿಗೆಯ ತಳಕ್ಕೆ ಬೂದು, ಗುಲಾಬಿ, ಕಾವಿ ಮೇಣ ಸವರಿ ಕಾರ್ಡಿಗೆ ಒತ್ತಿ ಎತ್ತಿ. ಕವಲು ಕವಲಾಗಿ, ಕಲ್ಲಿನ ನರದ ಹಾಗೆ ಗೆರೆಗಳು ಏಳುತ್ತವೆ. ಎರಡು ವೀಳ್ಯದೆಲೆ ನಡುವೆ ಸುಣ್ಣ ಇಟ್ಟು ಒತ್ತಿ ಬಿಡಿಸಿದಾಗ ಮೂಡುವ ಗಿಡದ ಚಿತ್ರವೇ ಇದು. ದಪ್ಪ ದ್ರವದೊಳಗೆ ತೆಳು ಗಾಳಿ ನುಗ್ಗುವಾಗ ಸಾಲು ಒಂದೇ ಸಮ ಮುಂದೆ ಹೋಗುವುದಿಲ್ಲ, ಬೆರಳು ಬೆರಳಾಗಿ ಒಡೆಯುತ್ತದೆ. ಸ್ಯಾಫ್‌ಮನ್ ಮತ್ತು ಟೇಲರ್ ಎಂಬ ವಿಜ್ಞಾನಿಗಳು 1958ರಲ್ಲಿ ಇದರ ಗಣಿತ ಬಿಡಿಸಿಟ್ಟಿದ್ದಾರೆ. ನಮಗೆ ಬಂಡೆ ಬಂದರೆ ಸಾಕು.

ನಮ್ಮ ಬಿಸಿಲಿನ ಬಗ್ಗೆ ಹೇಳದಿದ್ದರೆ ತಪ್ಪಾಗುತ್ತದೆ. ರಾಯಚೂರಿನಲ್ಲಿ ಬೇಸಿಗೆಗೆ 40 ಡಿಗ್ರಿ ದಾಟುವುದು ಮಾಮೂಲು. ಮೇಣ ಕರಗುವುದಿಲ್ಲ, ಇನ್ನೂ ಇಪ್ಪತ್ತು ಡಿಗ್ರಿ ದೂರವಿದೆ. ಆದರೆ ಮೆತ್ತಗಾಗುತ್ತದೆ. ಒಂದು ಏಪ್ರಿಲ್‌ನಲ್ಲಿ ಎರಡು ಚಿತ್ರಗಳನ್ನು ಮುಖಕ್ಕೆ ಮುಖ ಇಟ್ಟು, ಪೇಪರ್ ಸುತ್ತಿ ಬಸ್ಸಿನಲ್ಲಿ ರಾಯಚೂರಿಗೆ ಒಯ್ದಿದ್ದೆ. ಇಳಿದು ಬಿಚ್ಚಿದಾಗ ಎರಡೂ ಒಂದಾಗಿದ್ದವು. ನಡುವೆ ಇಟ್ಟ ಪೇಪರಿನ ಸಿನಿಮಾ ಜಾಹೀರಾತು ಬಂಡೆಯ ಮೇಲೆ ಅಚ್ಚಾಗಿತ್ತು. ತಗಡಿನ ಶೆಡ್, ಬಿಸಿಲಲ್ಲಿ ನಿಲ್ಲಿಸಿದ ಕಾರು, ಪಶ್ಚಿಮದ ಗೋಡೆ, ಇವು ಮೂರೂ ಬೇಡ. ಫಾಯೂಮ್ ಚಿತ್ರಗಳು ಈಜಿಪ್ಟಿನ ಸೆಕೆಯಲ್ಲೂ ಉಳಿದಿವೆಯಲ್ಲಾ ಅಂತ ಕೇಳಬಹುದು. ಉಳಿದದ್ದು ಬಿಸಿಲಲ್ಲಿ ಅಲ್ಲ, ನೆಲದೊಳಗೆ, ಒಣ ಮರಳಿನಲ್ಲಿ. ಚಳಿಗಾಲದಲ್ಲಿ ಚಿತ್ರದ ಮೇಲೆ ಬಿಳಿ ಮಂಜಿನಂಥ ಪೊರೆ ಬಂದರೆ ಹೆದರಬೇಡಿ. ಹಳೆ ಬನಿಯನ್ ಬಟ್ಟೆಯಲ್ಲಿ ಉಜ್ಜಿದರೆ ಹೋಗುತ್ತದೆ, ಹೊಳಪೂ ಬರುತ್ತದೆ.

ಕೊನೆಗೆ ಚಿನ್ನ. ಇದರ ಯೋಚನೆ ಬಂದದ್ದು ಕೊಪ್ಪಳದ ಪಕ್ಕದ ಕಿನ್ನಾಳದಿಂದ. ಅಲ್ಲಿಯ ಚಿತ್ರಗಾರರು ಹಗುರ ಮರದ ಬೊಂಬೆಗೆ ಹುಣಸೆಬೀಜದ ಅಂಟು, ಮರದ ಪುಡಿ, ಗೋಣಿನಾರು ಕಲಸಿದ ಕಿಟ್ಟ ಮೆತ್ತಿ ಮೈ ತುಂಬಿಸುತ್ತಾರೆ, ಮೇಲೆ ಬಣ್ಣ. ದೇವರ ಒಡವೆಗೆ ಚಿನ್ನದ ಹೊಳಪು ಕೊಡಲು ತವರ ಬಳಸುವ ಹಳೆ ಪದ್ಧತಿ ಅವರಲ್ಲಿದೆ, ಲಾಜವಾರ ಅನ್ನುತ್ತಾರೆ. ತವರ ಚಿನ್ನದ ವೇಷ ಹಾಕಬಹುದಾದರೆ ಮೇಣ ಯಾಕೆ ಹಾಕಬಾರದು?

ಬೆಳ್ಳಿ ಬಣ್ಣದ ಲೋಹ ಎಲ್ಲ ಬೆಳಕನ್ನೂ ವಾಪಸ್ ಕಳಿಸುತ್ತದೆ. ನಡುವೆ ಪಾರದರ್ಶಕ ಹಳದಿ ಪದರ ಇದ್ದರೆ ನೀಲಿ ಬೆಳಕು ಹೋಗುವಾಗಲೂ ಬರುವಾಗಲೂ ಅದರಲ್ಲಿ ಕಡಿಮೆಯಾಗುತ್ತದೆ. ಉಳಿದದ್ದು ಚಿನ್ನ. ಸಿಹಿ ಅಂಗಡಿಯವರು ಬರ್ಫಿಗೆ ಹಚ್ಚುವ ಬೆಳ್ಳಿ ವರಕು ತಂದೆ. ಮೇಣದ ಮೇಲೆ ಅಂಗೈ ಬಿಸಿಯಷ್ಟೇ ಬಿಸಿ ಕೊಟ್ಟು ಹಗುರ ಒತ್ತಿದರೆ ಕೂರುತ್ತದೆ. ದಪ್ಪ ಬೇಗಡೆ ಬೇಡ, ಅದರ ಮೂಲಕ ಮೇಣ ಮೇಣಕ್ಕೆ ಅಂಟಿಕೊಳ್ಳಲು ಆಗುವುದಿಲ್ಲ, ಸಿಪ್ಪೆ ಎದ್ದು ಬರುತ್ತದೆ. ಹಳದಿಗೆ ಅರಿಶಿನ ನೋಡಿದೆ. ಚೆಂದ ಬಂತು, ಆದರೆ ಕಿಟಕಿಯ ಬೆಳಕಿಗೆ ಕೆಲವೇ ದಿನದಲ್ಲಿ ಬಿಳಚಿತು. ಆಮೇಲೆ ಮೂಲೆಯಲ್ಲಿ ಬಿದ್ದಿದ್ದ ಹಸಿ ಹೆಜ್ಜೇನಿನ ಮೇಣ ನೆನಪಾಯಿತು. ನನ್ನ ಆಕಾಶವನ್ನು ಹಸಿರು ಮಾಡಿದ್ದು ಅದೇ. ಒಂದು ಚಿಟಿಕೆ ಹಳದಿ ಕಾವಿ ಸೇರಿಸಿ, ವರಕಿನ ಮೇಲೆ ತೆಳ್ಳಗೆ ಎಳೆದೆ. ಮೊದಲ ಪದರಕ್ಕೆ ಹೊಸ ಬಳೆಯ ಬಣ್ಣ. ಆಸೆಬುರುಕತನಕ್ಕೆ ಇನ್ನೊಂದು ಎಳೆದೆ. ತಾಮ್ರ ಆಯಿತು.